ಸ್ಕಾಟ್ಲೆಂಡಿನ ಹಳೇ ಚರ್ಚ್ ಪುಸ್ತಕ, ಅಪ್ಪನ ಹೆಸರಿಲ್ಲದ ಅಜ್ಜ: ಎಲ್ಲಿ ಹುಡುಕೋದು?

ಅಬರ್ಡೀನ್ ಸೊಸೆ
ಎಲ್ಲರಿಗೂ ನಮಸ್ಕಾರ. ವಿಷಯ ಸ್ವಲ್ಪ ವಿಚಿತ್ರ, ಬೈಬೇಡಿ.

ನಾನು ಹಾಸನದ ಕಡೆಯವಳು. ಮದುವೆಯಾಗಿ ಹನ್ನೊಂದು ವರ್ಷದಿಂದ ಸ್ಕಾಟ್ಲೆಂಡಿನಲ್ಲಿದ್ದೇನೆ. ಯಜಮಾನರು ಇಲ್ಲಿಯವರೇ. ಮಗಳ ಶಾಲೆಯಲ್ಲಿ ವಂಶವೃಕ್ಷ ಬರೆದುಕೊಂಡು ಬಾ ಅಂದರು. ನನ್ನ ಕಡೆಯದು ಅಮ್ಮನಿಗೆ ಒಂದು ಫೋನ್ ಮಾಡಿದ್ದಕ್ಕೇ ಮುಗಿಯಿತು. ಅತ್ತೆಯ ಕಡೆಯದು ಒಂದು ಕಡೆ ಸಿಕ್ಕಿಹಾಕಿಕೊಂಡಿದೆ.

ಅತ್ತೆಯ ಮುತ್ತಜ್ಜನ ಅಪ್ಪ (ಸುಲಭಕ್ಕೆ 'ಅಜ್ಜ' ಅಂತ ಕರೆಯುತ್ತೇನೆ) 1829ರಲ್ಲಿ ಸ್ಕಾಟ್ಲೆಂಡಿನ ಈಶಾನ್ಯದ ಬ್ಯಾಂಫ್‌ಶೈರ್‌ನಲ್ಲಿ ಹುಟ್ಟಿದ್ದು. ಆ ಪ್ಯಾರಿಷ್‌ನ (ಒಂದು ಚರ್ಚಿಗೆ ಸೇರಿದ ಊರಿನ) ದೀಕ್ಷಾಸ್ನಾನದ ಪುಸ್ತಕದಲ್ಲಿ ಅವರ ಹೆಸರೇ ಇಲ್ಲ. 1856ರ ಮದುವೆ ದಾಖಲೆಯಲ್ಲಿ ತಾಯಿಯ ಹೆಸರು ಮಾತ್ರ ಇದೆ, ಅಪ್ಪನ ಜಾಗ ಖಾಲಿ. ಅಜ್ಜ ಇಟ್ಟುಕೊಂಡ ಮನೆತನದ ಹೆಸರೂ ತಾಯಿಯದೇ. ಆದರೆ ಅವರು ಸತ್ತಾಗಿನ ದಾಖಲೆಯಲ್ಲಿ ಮಾತ್ರ ಇದ್ದಕ್ಕಿದ್ದಂತೆ ಅಪ್ಪ ಪ್ರತ್ಯಕ್ಷ! ಗಾರ್ಡನ್ ಅಂತೆ. ಅಜ್ಜನ ಮಧ್ಯದ ಹೆಸರೂ ಗಾರ್ಡನ್ನೇ.

ಅತ್ತೆಯ ಮನೆಯಲ್ಲಿ ತಲೆತಲಾಂತರದಿಂದ ಒಂದು ಕಥೆ ಇದೆ: ಅಜ್ಜ ಅಲ್ಲಿಯ ಜಮೀನ್ದಾರ ಗಾರ್ಡನ್ ಸಾಹೇಬರ ಮಗನಿಗೆ ಹುಟ್ಟಿದವರು ಅಂತ. ಯಜಮಾನರು ಆಗಲೇ ಗಾರ್ಡನ್ ಟಾರ್ಟನ್‌ನ (ಆ ಮನೆತನದ ಚೌಕಳಿ ಬಟ್ಟೆಯ) ಟೈ ಕೊಂಡಿದ್ದಾರೆ. ಮದುವೆಯಾಚೆ ಹುಟ್ಟಿದವರ ಅಪ್ಪನನ್ನು ಅಷ್ಟು ಹಳೆಯ ಕಾಲದಲ್ಲಿ ಪತ್ತೆ ಹಚ್ಚೋದು ಸಾಧ್ಯವಾ?

ಚುರುಮುರಿ
ಮೊದಲು ಟೈ ವಾಪಸ್ ಕೊಡೋ ಅವಧಿ ಎಷ್ಟು ದಿನ ಅಂತ ನೋಡಿಕೊಳ್ಳಿ 😄

ಗುಡ್ಡದಮನೆ
ಕಷ್ಟ ಮೇಡಂ. ಅಂಥ ಮಕ್ಕಳ ವಿಷಯವನ್ನು ಯಾವ ಊರಲ್ಲೂ ಬರೆದಿಡುವುದಿಲ್ಲ. ಮುಚ್ಚಿಡುತ್ತಾರೆ. ಖಾಲಿ ಬಿಟ್ಟು ಮುಂದಕ್ಕೆ ಹೋಗಿ.

ಹಳೇಕಡತ
@ಗುಡ್ಡದಮನೆ, ಸ್ಕಾಟ್ಲೆಂಡಿನ ಮಟ್ಟಿಗೆ ಇದು ಪೂರ್ತಿ ಉಲ್ಟಾ. ಮದುವೆಯಾಗಿ ಮರ್ಯಾದೆಯಿಂದ ಬಾಳಿದವರ ಬಗ್ಗೆ ಅಲ್ಲಿನ ಚರ್ಚು ಬರೆದದ್ದು ಒಂದು ಸಾಲು. ಮದುವೆಯಾಚೆ ಮಗು ಹೆತ್ತವಳ ಬಗ್ಗೆ ಮೂರು ಪುಟ. ನಾನು ಎಡಿನ್‌ಬರೋದಲ್ಲಿ ಕೂತು ಇದೇ ಕೆಲಸ ಮಾಡುತ್ತೇನೆ, ಹವ್ಯಾಸ ಅಂತಲೇ ಇಟ್ಟುಕೊಳ್ಳಿ.

ಸೊಸೆಯವರೇ, ಮೊದಲು ಸಾವಿನ ದಾಖಲೆಯನ್ನು ಪಕ್ಕಕ್ಕಿಡಿ. ಸತ್ತವನ ಅಪ್ಪ ಯಾರು ಅಂತ ಅಲ್ಲಿ ಹೇಳುವುದು ಸತ್ತವನಲ್ಲ, ಮಗನೋ ಅಳಿಯನೋ ಪಕ್ಕದ ಮನೆಯವನೋ. ಗುಮಾಸ್ತ ಕೇಳಿದ, ಇವರು ಗೊತ್ತಿದ್ದದ್ದು ಹೇಳಿದರು. ಗೊತ್ತಿಲ್ಲದಿದ್ದರೆ ಮಧ್ಯದ ಹೆಸರು ನೋಡಿ ಊಹಿಸಿದರು. 1856ರ ಮದುವೆಯಲ್ಲಿ ವಿವರ ಕೊಟ್ಟವರು ಸ್ವತಃ ಅಜ್ಜ. ಅಪ್ಪನ ಜಾಗ ಖಾಲಿ ಬಿಟ್ಟವರೂ ಅವರೇ. ಸುಮಾರು ಜನ ಅಲ್ಲಿ ಸುಳ್ಳು ಅಪ್ಪನನ್ನು ಹುಟ್ಟಿಸಿಬಿಡುತ್ತಿದ್ದರು. ಇವರು ಹಾಗೆ ಮಾಡಲಿಲ್ಲ.

ಎರಡನೆಯದು, ಸರ್ಕಾರಿ ನೋಂದಣಿ ಶುರುವಾಗಿದ್ದು 1855ರ ಜನವರಿ 1ಕ್ಕೆ. ಅದಕ್ಕೆ ಮುಂಚೆ ಇದ್ದದ್ದು ಪ್ಯಾರಿಷ್ ಪುಸ್ತಕಗಳು. ಎಲ್ಲಕ್ಕಿಂತ ಹಳೆಯದು ಪರ್ತ್‌ಶೈರ್‌ನ ಎರಲ್ ಊರಿನದು, 1553ರದ್ದು. ಆದರೆ ನೀವು ನೋಡಬೇಕಾದ್ದು ದೀಕ್ಷಾಸ್ನಾನದ ಪುಸ್ತಕ ಅಲ್ಲ. ಕರ್ಕ್ ಸೆಷನ್ ಪುಸ್ತಕ.

ಅಬರ್ಡೀನ್ ಸೊಸೆ
ಕರ್ಕ್ ಸೆಷನ್ ಅಂದರೆ? ಹೆಸರು ಕೇಳಿದ್ದೇನೆ ಅಷ್ಟೇ.

ಹಳೇಕಡತ
ಊರ ಪಂಚಾಯ್ತಿ ಅಂದುಕೊಳ್ಳಿ, ಆದರೆ ಚರ್ಚಿನದು. ಪಾದ್ರಿ ಮತ್ತು ಊರ ಹಿರಿಯರು ಕೂರುತ್ತಾರೆ. ಭಾನುವಾರ ಮೀನು ಹಿಡಿದವನು, ಕುಡಿದು ಗಲಾಟೆ ಮಾಡಿದವನು, ಮದುವೆಗೆ ಮುಂಚೆ ಬಸುರಿಯಾದವಳು, ಎಲ್ಲರ ವಿಚಾರಣೆಯೂ ಅಲ್ಲೇ. ಮಗುವಿನ ತಾಯಿಯನ್ನು ಕರೆಸಿ ಕೇಳುವ ಮೊದಲ ಪ್ರಶ್ನೆ: ಅಪ್ಪ ಯಾರು? ಅವಳು ಹೇಳಿದ ಹೆಸರು, ಅವನ ಕೆಲಸ, ಅವನಿರುವ ಹೊಲ, ಎಲ್ಲ ಬರೆದುಕೊಳ್ಳುತ್ತಿದ್ದರು. ಕೆಲವು ಕಡೆ ಎಲ್ಲಿ, ಯಾವಾಗ ಅನ್ನುವುದನ್ನೂ ಬಿಟ್ಟಿಲ್ಲ. ನಾಚಿಕೆಯಿಲ್ಲದ ಗುಮಾಸ್ತರು.

ಬರೀ ಮಡಿವಂತಿಕೆ ಅಂದುಕೊಳ್ಳಬೇಡಿ, ಇದರ ಹಿಂದೆ ದುಡ್ಡಿನ ಲೆಕ್ಕವೂ ಇತ್ತು. ಬಡವರನ್ನು ಸಾಕುವ ಹುಂಡಿ ಇದ್ದದ್ದು ಇದೇ ಸೆಷನ್ ಕೈಯಲ್ಲಿ. ಅಪ್ಪ ಸಿಗದಿದ್ದರೆ ಮಗುವಿನ ಖರ್ಚು ಊರ ಮೇಲೆ. ಅಪ್ಪ ಸಿಕ್ಕಿದರೆ ಅವನ ತಲೆ ಮೇಲೆ. 1845ರ ಬಡವರ ಕಾಯ್ದೆ ಬಂದ ಮೇಲೆ ಆ ಜವಾಬ್ದಾರಿ ಪರೋಕಿಯಲ್ ಬೋರ್ಡ್‌ಗಳಿಗೆ (ಬಡವರನ್ನು ನೋಡಿಕೊಳ್ಳುವ ಊರ ಮಂಡಳಿಗಳಿಗೆ) ಹೋಯಿತು. ಅಲ್ಲಿಂದ ಮುಂದೆ ಸೆಷನ್ ಪುಸ್ತಕ ಸ್ವಲ್ಪ ಸಪ್ಪೆ. ನಿಮ್ಮ ಅಜ್ಜ 1829, ಅದೃಷ್ಟವಂತರು.

ಚುರುಮುರಿ
ನಮ್ಮ ಅಪಾರ್ಟ್‌ಮೆಂಟ್ ಕಮಿಟಿ ಇದ್ದ ಹಾಗೆ.

ಕಾಫಿತೋಟ
ಆ ಹೆಣ್ಣುಮಕ್ಕಳನ್ನು ಚರ್ಚಿನಲ್ಲಿ ಎಲ್ಲರ ಎದುರು ಸ್ಟೂಲ್ ಮೇಲೆ ಕೂರಿಸುತ್ತಿದ್ದರಂತಲ್ಲ? ಪಾಪ, ಆ ಅಜ್ಜಿಗೂ ಅದೇ ಗತಿ ಆಗಿರುತ್ತದೆ. ಓದಿದರೆ ಹೊಟ್ಟೆ ಉರಿಯುತ್ತದೆ.

ನೀಲಿಶಾಯಿ
ಹೌದು, ಅದಕ್ಕೆ 'ಕಟ್ಟಿ ಸ್ಟೂಲ್' (cutty stool) ಅಂತ ಹೆಸರು. ಸಾಮಾನ್ಯವಾಗಿ ಮೂರು ಭಾನುವಾರ ಕೂರಬೇಕಿತ್ತು, ಹಾದರವಾದರೆ ಇನ್ನೂ ಜಾಸ್ತಿ. ಗಂಡಸರನ್ನೂ ಬಿಡುತ್ತಿರಲಿಲ್ಲ. ಕವಿ ರಾಬರ್ಟ್ ಬರ್ನ್ಸ್ 1786ರಲ್ಲಿ ಮೊಕ್ಲಿನ್ ಚರ್ಚಿನಲ್ಲಿ ಎಲ್ಲರೆದುರು ಬೈಸಿಕೊಂಡು ನಿಂತವನೇ. ಅದಕ್ಕೆ ಹಿಂದಿನ ವರ್ಷ ಎಲಿಜಬೆತ್ ಪೇಟನ್ ಅವನ ಮಗಳನ್ನು ಹೆತ್ತಿದ್ದಳು. ಆ ಮಗು ಬೆಳೆದದ್ದು ಬರ್ನ್ಸ್‌ನ ತಾಯಿಯ ಹತ್ತಿರ.

ಆದರೆ 1829ರ ಹೊತ್ತಿಗೆ ಎಲ್ಲರೆದುರು ಕೂರಿಸುವ ಪದ್ಧತಿ ಬಹಳ ಕಡೆ ನಿಂತುಹೋಗುತ್ತಿತ್ತು. ಸೆಷನ್ ಮುಂದೆಯೇ ಬೈದು, ಬಡವರ ಹುಂಡಿಗೆ ದಂಡ ಹಾಕಿಸಿ ಬಿಡುತ್ತಿದ್ದರು. ಹೊಟ್ಟೆ ಉರಿಸಿಕೊಳ್ಳಿ, ಸ್ವಲ್ಪ ಕಡಿಮೆ ಉರಿಸಿಕೊಳ್ಳಿ.

ಲೆಕ್ಕದಮೇಷ್ಟ್ರು
ಇದೆಲ್ಲ ಯಾಕೆ? ಡಿಎನ್‌ಎ ಟೆಸ್ಟ್ ಮಾಡಿಸಿ. ಸಾವಿರಾರು ಪುಟ ತಿರುವುವ ಕಷ್ಟವೇ ಇಲ್ಲ.

ಅಬರ್ಡೀನ್ ಸೊಸೆ
ಮಗಳಿಗೆ ಮಾಡಿಸೋಣ ಅಂತ ಯಜಮಾನರೂ ಹೇಳುತ್ತಿದ್ದರು.

ಹಳೇಕಡತ
ಮಗಳಿಗೆ ಬೇಡ, ದುಡ್ಡು ದಂಡ. ಮೇಷ್ಟ್ರೇ, ಲೆಕ್ಕ ನೀವೇ ಮಾಡಿ. ಅತ್ತೆಗೆ ಆ ಅಪರಿಚಿತ ಅಪ್ಪ ಐದು ತಲೆ ಹಿಂದಿನವನು. ತಲೆಗೆ ಅರ್ಧ ಅರ್ಧ ಕಡಿಮೆಯಾಗುತ್ತಾ ಹೋದರೆ ಅತ್ತೆಯಲ್ಲಿ ಉಳಿಯುವುದು ಸರಾಸರಿ ನೂರಕ್ಕೆ ಮೂರು ಪಾಲು. ಮೊಮ್ಮಗಳಲ್ಲಿ ಒಂದು ಪಾಲೂ ಇಲ್ಲ.

ಲೆಕ್ಕದಮೇಷ್ಟ್ರು
ಒಪ್ಪಿದೆ, ಒಂದಕ್ಕಿಂತ ಕಡಿಮೆಯೇ. ಹಾಗಾದರೆ ಅತ್ತೆಗೆ ಮಾಡಿಸಿ. ಅವರಿಗೆ ತವರಿನಲ್ಲಿ ಅಣ್ಣತಮ್ಮಂದಿರು ಇದ್ದರೆ ಇನ್ನೂ ಒಳ್ಳೆಯದು. ವೈ ಕ್ರೋಮೊಸೋಮ್ ಅಪ್ಪನಿಂದ ಮಗನಿಗೆ ಹೆಚ್ಚುಕಡಿಮೆ ಹಾಗೇ ಇಳಿಯುತ್ತದೆ. ಅಜ್ಜನಿಂದ ಅತ್ತೆಯವರೆಗೆ ಎಲ್ಲ ಗಂಡುಸಾಲೇ ತಾನೇ? ಗಾರ್ಡನ್‌ಗಳ ಜೊತೆ ಹೊಂದುತ್ತಾ ನೋಡಬಹುದು.

ನೀಲಿಶಾಯಿ
ಹೊಂದಿದರೂ ಯಾವ ಗಾರ್ಡನ್ ಅಂತ ಗೊತ್ತಾಗುವುದಿಲ್ಲವಲ್ಲ. ಸ್ಕಾಟ್ಲೆಂಡಿನ ಈಶಾನ್ಯದಲ್ಲಿ ಗಾರ್ಡನ್ ಅಂದರೆ ಮಂಡ್ಯದಲ್ಲಿ ಗೌಡ ಅಂದ ಹಾಗೆ. ಜಮೀನ್ದಾರನೂ ಗಾರ್ಡನ್, ಅವನ ಕುದುರೆ ತೊಳೆಯುವವನೂ ಗಾರ್ಡನ್.

ಕಾಫಿತೋಟ
ಮಧ್ಯದ ಹೆಸರು ಗಾರ್ಡನ್ ಅಂದಮೇಲೆ ಅಪ್ಪ ಗಾರ್ಡನ್ ಅನ್ನೋದು ಗ್ಯಾರಂಟಿ ತಾನೇ?

ನೀಲಿಶಾಯಿ
ಒಳ್ಳೆಯ ಸುಳಿವು, ಗ್ಯಾರಂಟಿ ಅಲ್ಲ. ಮದುವೆಯಾಗದ ತಾಯಂದಿರು ಅಪ್ಪನ ಹೆಸರನ್ನು ಮಗುವಿನ ಹೆಸರಿನ ಮಧ್ಯದಲ್ಲಿ ಕೂರಿಸುವುದು ತುಂಬ ಸಾಮಾನ್ಯವಾಗಿತ್ತು. ಊರಿಗೆಲ್ಲ ಗೊತ್ತಿರಲಿ ಅಂತ. ಆದರೆ ಪಾದ್ರಿಯ ಹೆಸರು, ಜಮೀನ್ದಾರನ ಹೆಸರು, ಅಜ್ಜಿಯ ತವರಿನ ಹೆಸರು ಇಡುವುದೂ ಇತ್ತು. ಊರಿಗೆ ಹೊಸ ಪಾದ್ರಿ ಬಂದಾಗ ಅವರು ದೀಕ್ಷಾಸ್ನಾನ ಮಾಡಿಸಿದ ಮೊದಲ ಮಗುವಿಗೆ ಅವರ ಹೆಸರನ್ನೇ ಇಡುವ ರೂಢಿ ಬೇರೆ ಇತ್ತು.

ಗುಡ್ಡದಮನೆ
ನನಗೊಂದು ಅರ್ಥವಾಗುವುದಿಲ್ಲ. ಅಕ್ರಮ ಸಂತಾನ ಅಂತ ಗೊತ್ತಾದಮೇಲೆ ಅದನ್ನು ಕೆದಕುವುದು ಯಾಕೆ? ಇನ್ನೂರು ವರ್ಷದ ಹಿಂದೆ ಆ ತಾಯಿ ಮುಚ್ಚಿಟ್ಟದ್ದನ್ನು ಮೊಮ್ಮಕ್ಕಳು ಶಾಲೆಯ ಗೋಡೆಗೆ ಅಂಟಿಸುತ್ತಾರಾ?

ಅಬರ್ಡೀನ್ ಸೊಸೆ
ಅಣ್ಣಾ, ಕೋಪ ಮಾಡಿಕೊಳ್ಳಬೇಡಿ. ಅಕ್ರಮ ಅನ್ನೋ ಮಾತು ಬೇಡ. ಹುಟ್ಟಿದ ಮಗು ಏನು ಅಕ್ರಮ ಮಾಡಿತ್ತು? ಕಟ್ಟಡವಾ ಅದು, ಸಕ್ರಮ ಮಾಡಿಸೋಕೆ? ಇನ್ನು, ತಾಯಿ ಮುಚ್ಚಿಟ್ಟಿಲ್ಲ. ಮಗನಿಗೆ ಗಾರ್ಡನ್ ಅಂತ ಹೆಸರಿಟ್ಟು ದಿನಾ ಕೂಗಿ ಕರೆದಿದ್ದಾಳೆ.

ಚುರುಮುರಿ
'ಸಕ್ರಮ' 👏👏

ಹಳೇಕಡತ
ಸ್ಕಾಟ್ಲೆಂಡಿನಲ್ಲಿ ನಿಜಕ್ಕೂ ಸಕ್ರಮ ಮಾಡಿಸಬಹುದಿತ್ತು! ಮಗು ಹುಟ್ಟಿದ ಮೇಲೆ ಅಪ್ಪ ಅಮ್ಮ ಮದುವೆಯಾದರೆ ಮಗುವಿಗೆ ಪೂರ್ತಿ ಹಕ್ಕು. ಆದರೆ ಮಗು ಹೊಟ್ಟೆಯಲ್ಲಿ ನಿಂತಾಗ ಇಬ್ಬರಲ್ಲಿ ಯಾರಿಗೂ ಬೇರೆ ಗಂಡನೋ ಹೆಂಡತಿಯೋ ಇರಬಾರದು. ಇಂಗ್ಲೆಂಡಿನವರಿಗೆ ಈ ಬುದ್ಧಿ ಬಂದದ್ದು 1926ರಲ್ಲಿ. ಚರ್ಚು, ಪಾದ್ರಿ ಯಾರೂ ಇಲ್ಲದೆ ಇಬ್ಬರೂ 'ನಾವು ಗಂಡ ಹೆಂಡತಿ' ಅಂದುಕೊಂಡರೂ ಅಲ್ಲಿ ಮದುವೆಯೇ. ಅದು ಕಾನೂನಿನಲ್ಲಿ 1940ರವರೆಗೂ ನಡೆಯಿತು. ಹಾಗಾಗಿ ಪುಸ್ತಕದಲ್ಲಿ ಮದುವೆ ಸಿಗಲಿಲ್ಲ ಅಂದ ಮಾತ್ರಕ್ಕೆ ಮದುವೆ ಆಗಿರಲಿಲ್ಲ ಅಂತ ತೀರ್ಮಾನಿಸಬೇಡಿ.

ಕಾಫಿತೋಟ
ಬ್ರಿಟನ್ನಿನ ಪ್ರಧಾನಿ ರಾಮ್ಸೆ ಮ್ಯಾಕ್‌ಡೊನಾಲ್ಡ್ ಕೂಡ ಹೀಗೇ ಹುಟ್ಟಿದವರಲ್ವಾ?

ಹಳೇಕಡತ
ಹೌದು, 1866, ಲಾಸಿಮೌತ್. ಸೊಸೆಯವರ ಅಜ್ಜನ ಊರಿನ ಆಸುಪಾಸೇ. ತಾಯಿ ಮನೆಗೆಲಸದವಳು, ತಂದೆ ಹೊಲದಾಳು. ನೋಂದಣಿಯಲ್ಲಿ ಅವರ ಹೆಸರು ಜೇಮ್ಸ್ ಮ್ಯಾಕ್‌ಡೊನಾಲ್ಡ್ ರಾಮ್ಸೆ. ನೋಡಿ, ಅಪ್ಪನ ಹೆಸರು ಮಧ್ಯದಲ್ಲಿ, ತಾಯಿಯದು ಕೊನೆಯಲ್ಲಿ. ನೀಲಿಶಾಯಿ ಹೇಳಿದ್ದು ಇದನ್ನೇ. ಮಹಾಯುದ್ಧವನ್ನು ವಿರೋಧಿಸಿದ್ದಕ್ಕೆ 1915ರಲ್ಲಿ ಒಂದು ಪತ್ರಿಕೆ ಅವರ ಜನನ ಪತ್ರವನ್ನೇ ಅಚ್ಚು ಹಾಕಿ ಅವಮಾನ ಮಾಡಿತು. ಒಂಬತ್ತು ವರ್ಷದ ಮೇಲೆ ಪ್ರಧಾನಿಯಾದರು. ಲೇಬರ್ ಪಕ್ಷ ಕಟ್ಟಿದ ಕೀರ್ ಹಾರ್ಡಿಯೂ ಮದುವೆಯಾಚೆ ಹುಟ್ಟಿದವರೇ.

ಆ ಕಡೆ ಇದು ಅಷ್ಟೊಂದು ಜಾಸ್ತಿ ಇತ್ತು. ಹೊಲದಾಳುಗಳನ್ನು ಆರಾರು ತಿಂಗಳಿಗೆ ಗೊತ್ತುಮಾಡಿಕೊಳ್ಳುತ್ತಿದ್ದರು, ಮೇ ಮತ್ತು ನವೆಂಬರಿಗೆ. ಅವಧಿ ಮುಗಿದರೆ ಗಂಟುಮೂಟೆ ಕಟ್ಟಿ ಬೇರೆ ಹೊಲ, ಬೇರೆ ಊರು. ಮದುವೆಯಾದವರಿಗೆ ಇರಲು ಮನೆ ಸಿಗುವುದೂ ಕಷ್ಟ. ಹುಡುಗ ಹುಡುಗಿ ಒಂದೇ ಹೊಲದಲ್ಲಿ ದುಡಿದರು. ಅವಳು ಬಸುರಿ ಅಂತ ಗೊತ್ತಾಗುವ ಹೊತ್ತಿಗೆ ಅವನು ಮೂರು ಊರಾಚೆ.

ಬೆಳಗಾವಿ ಬಸ್ಸು
ನಮ್ಮ ಕಡೆ ಹೆಳವರು ಬರುತ್ತಾರೆ. ಎತ್ತಿನ ಮೇಲೆ ಕೂತು ಬಂದು ನಮ್ಮ ಮನೆತನದವರ ಹೆಸರುಗಳನ್ನು ಸಾಲಾಗಿ ಹೇಳುತ್ತಾರೆ. ನಮ್ಮಜ್ಜನಿಗೆ ಅವರು ಹೇಳಿದ್ದು ಕೇಳಿ ದಂಗಾಗಿತ್ತು, ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ಒಬ್ಬ ಚಿಕ್ಕಜ್ಜ ಹೊರಗೆ ಬಂದ! ಸ್ಕಾಟ್ಲೆಂಡಿಗೆ ಒಬ್ಬ ಹೆಳವನನ್ನು ಕಳಿಸಬೇಕು.

ಚುರುಮುರಿ
ಎತ್ತಿಗೆ ವೀಸಾ ಸಿಗಲ್ಲ.

ಕಾವೇರಿತೀರ
ಈಗಷ್ಟೇ ಓದಿದೆ. ಅಪ್ಪ ಸೈನ್ಯಕ್ಕೆ ಸೇರಿ ನಾಪತ್ತೆಯಾಗಿರಬಹುದಲ್ವಾ? ನಮ್ಮ ಶ್ರೀರಂಗಪಟ್ಟಣಕ್ಕೆ ಗಾರ್ಡನ್ ಹೈಲ್ಯಾಂಡರ್ಸ್ ಬಂದಿದ್ದರು, 1799ರಲ್ಲಿ.

ಹಳೇಕಡತ
ಅವರಲ್ಲ. ಗಾರ್ಡನ್ ಹೈಲ್ಯಾಂಡರ್ಸ್ ಆ ವರ್ಷ ಹಾಲೆಂಡಿನಲ್ಲಿ ಕಾದುತ್ತಿದ್ದರು. ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಸ್ಕಾಟಿಷ್ ದಳಗಳು 73, 74 ಮತ್ತು 75ನೇ ಹೈಲ್ಯಾಂಡ್ ರೆಜಿಮೆಂಟುಗಳು, ಜೊತೆಗೆ ಸ್ಕಾಚ್ ಬ್ರಿಗೇಡ್. ಆದರೆ ನಿಮ್ಮ ಯೋಚನೆ ಸರಿ. 'ಸೈನ್ಯಕ್ಕೆ ಸೇರಿದ್ದಾನೆ' ಅನ್ನುವ ಸಾಲು ಸೆಷನ್ ಪುಸ್ತಕಗಳಲ್ಲಿ ಆಗಾಗ ಸಿಗುತ್ತದೆ. ಹಾಗೆ ಸಿಕ್ಕಿದರೆ ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿ ಸೈನಿಕರ ಬಿಡುಗಡೆ ಪತ್ರಗಳನ್ನು ನೋಡಬೇಕು.

ಕಾವೇರಿತೀರ
ತಿದ್ದಿದ್ದಕ್ಕೆ ಥ್ಯಾಂಕ್ಸ್. ಗಾರ್ಡನ್ ಅಂತ ಕೇಳಿ ಅವಸರಪಟ್ಟೆ.

ಅಬರ್ಡೀನ್ ಸೊಸೆ
ಸರಿ, ಸೆಷನ್ ಪುಸ್ತಕ ಎಲ್ಲಿ ಸಿಗುತ್ತದೆ? ಎಡಿನ್‌ಬರೋಗೆ ಹೋಗಬೇಕಾ? ದಾಖಲೆಯ ಒಂದೊಂದು ಚಿತ್ರಕ್ಕೂ ಕ್ರೆಡಿಟ್ ಕೊಂಡು ಕೊಂಡು ಸಾಕಾಗಿದೆ. ಬೇರೆ ಯಾರದ್ದೋ ಮದುವೆಗೆಲ್ಲ ದುಡ್ಡು ಕೊಟ್ಟು ಬಂದೆ.

ಹಳೇಕಡತ
ಸ್ಕಾಟ್ಲೆಂಡ್ಸ್ ಪೀಪಲ್ ಅನ್ನುವ ಸರ್ಕಾರಿ ದಾಖಲೆ ತಾಣದಲ್ಲೇ ಇವೆ, 2021ರಿಂದ. ಲಾಗಿನ್ ಆಗಿ ಬರೀ ನೋಡಲು ದುಡ್ಡಿಲ್ಲ, ಇಳಿಸಿಕೊಳ್ಳಲು ಮಾತ್ರ ಕ್ರೆಡಿಟ್ ಬೇಕು. ಆದರೆ ಹೆಸರು ಹಾಕಿ ಹುಡುಕಲು ಆಗುವುದಿಲ್ಲ, ಪುಟ ಪುಟ ತಿರುವಬೇಕು. ಮಗು ಹುಟ್ಟುವ ಐದು ತಿಂಗಳ ಹಿಂದಿನಿಂದ ಶುರುಮಾಡಿ ಎರಡು ವರ್ಷ ಮುಂದಿನವರೆಗೆ ನೋಡಿ. ತಾಯಿ ಹುಟ್ಟಿದ ಊರಿನದು, ಕೆಲಸ ಮಾಡಿದ ಊರಿನದು, ಎರಡೂ.

ದೀಕ್ಷಾಸ್ನಾನ ಸಿಗದ್ದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ತಾಯಿ ಸೆಷನ್ ಮುಂದೆ ತಪ್ಪೊಪ್ಪಿಕೊಳ್ಳುವವರೆಗೆ ತಡಮಾಡುತ್ತಿದ್ದರು. ವರ್ಷಗಟ್ಟಲೆ ಆದದ್ದೂ ಉಂಟು.

ಗುಡ್ಡದಮನೆ
ಪುಸ್ತಕದಲ್ಲಿ ಬರೆಸುವುದು ಕಡ್ಡಾಯ ಇರಲಿಲ್ವಾ ಹಾಗಾದರೆ?

ನೀಲಿಶಾಯಿ
ಇರಲಿಲ್ಲ. ಅದರ ಮೇಲೆ 1783ರಿಂದ 1794ರವರೆಗೆ ಒಂದೊಂದು ಹೆಸರು ಬರೆಸಲೂ ಮೂರು ಪೆನ್ಸ್ ತೆರಿಗೆ ಇತ್ತು. ಬಡವರು ಸುಮ್ನೆ ಬರೆಸದೇ ಬಿಟ್ಟರು. ಚರ್ಚ್ ಒಡೆದು ಬೇರೆಯಾದವರ ಮಕ್ಕಳು ಬೇರೆ ಪುಸ್ತಕದಲ್ಲಿ. ಅಂತೂ ಕೆದಕುವುದು ಬೇಡ ಅಂದವರೇ ಪ್ರಶ್ನೆ ಕೇಳುತ್ತಿದ್ದೀರಲ್ಲ 🙂

ಗುಡ್ಡದಮನೆ
ಸುಮ್ನೆ ಕೇಳಿದೆ.

ಅಬರ್ಡೀನ್ ಸೊಸೆ
(ಹದಿನೆಂಟು ದಿನದ ನಂತರ)
ಸಿಕ್ಕಿತು!!! ಮಗಳನ್ನು ಮಲಗಿಸಿ ರಾತ್ರಿ ರಾತ್ರಿ ತಿರುವಿದೆ. ಅಕ್ಷರ ಕೋಳಿ ಕೆದರಿದ ಹಾಗಿದೆ, ಕಣ್ಣು ಕಿತ್ತು ಬಂತು.

1829ರ ಜನವರಿ. ಅಜ್ಜನ ತಾಯಿ ಸೆಷನ್ ಮುಂದೆ ಬಂದಿದ್ದಾಳೆ. ಮದುವೆಯಾಗಿಲ್ಲ, ಬಸುರಿ ಅಂತ ಒಪ್ಪಿದ್ದಾಳೆ. ಯಾರು ಅಂತ ಕೇಳಿದ್ದಕ್ಕೆ ಒಬ್ಬ ಗಾರ್ಡನ್‌ನ ಹೆಸರು ಹೇಳಿದ್ದಾಳೆ. ಹೆಸರಿನ ಮುಂದೆ 'ಲೇಟ್ ಸರ್ವೆಂಟ್' ಅಂತಿದೆ, ಆಮೇಲೆ ಒಂದು ಹೊಲದ ಹೆಸರು. ಅಂದರೆ ಜಮೀನ್ದಾರನ ಮಗ ಅಲ್ಲ, ಆಳು. ಅದೂ ಮಗು ಹುಟ್ಟುವ ಮುಂಚೆಯೇ ಸತ್ತುಹೋಗಿದ್ದಾನೆ. ಅತ್ತೆಗೆ ಹೇಳಿದೆ. ಜಮೀನ್ದಾರ ಹೋದದ್ದಕ್ಕೆ ಬೇಜಾರಾಗಲಿಲ್ಲ, ಇವನು ಹೋದದ್ದಕ್ಕೆ ಅತ್ತುಬಿಟ್ಟರು. ಅವಳೊಬ್ಬಳೇ ಎಲ್ಲ ಅನುಭವಿಸಿದಳಲ್ಲ ಅಂತ.

ಚುರುಮುರಿ
ಛೆ. ಈ ಸಲ ತಮಾಷೆ ಮಾಡಲ್ಲ.

ನೀಲಿಶಾಯಿ
ಒಂದು ನಿಮಿಷ. ಅದರ ಕೆಳಗಿನ ಸಾಲು ಏನಿದೆ? ಗಾರ್ಡನ್ ಬಗ್ಗೆ ಮತ್ತೇನಾದರೂ?

ಅಬರ್ಡೀನ್ ಸೊಸೆ
'ಸೆಷನ್ ಆರ್ಡರ್ಡ್ ಹಿಮ್ ಟು ಬಿ ಸೈಟೆಡ್' ಅಂತ ಓದಿದೆ. ಆಮೇಲೆ ಪಕ್ಕದ ಪ್ಯಾರಿಷ್‌ನ ಹೆಸರು.

ನೀಲಿಶಾಯಿ
ಸೈಟೆಡ್ ಅಂದರೆ ಕರೆ ಕಳಿಸುವುದು, ನೋಟಿಸು. ಸತ್ತವನಿಗೆ ಯಾರಾದರೂ ನೋಟಿಸು ಕೊಡುತ್ತಾರಾ?

ಹಳೇಕಡತ
ಅದೇ! ಸ್ಕಾಟ್ಲೆಂಡಿನ ಹಳೇ ದಾಖಲೆಯಲ್ಲಿ ಒಬ್ಬನ ಕೆಲಸದ ಮುಂದೆ 'ಲೇಟ್' ಅಂತಿದ್ದರೆ ದಿವಂಗತ ಅಂತಲೇ ಅರ್ಥವಲ್ಲ. 'ಮೊದಲು ಅಲ್ಲಿದ್ದ' ಅಂತಲೂ ಆಗುತ್ತದೆ. ಇಲ್ಲಿ ಆ ಹೊಲ ಬಿಟ್ಟ ಆಳು, ಅಷ್ಟೇ. ನವೆಂಬರಿಗೆ ಅವಧಿ ಮುಗಿಯಿತು, ಪಕ್ಕದ ಊರಿಗೆ ಹೋದ. ಅತ್ತೆಗೆ ಹೇಳಿ, ಅಳುವುದು ಬೇಡ. ಮುಂದಿನ ಪುಟಗಳನ್ನು ತಿರುವಿ. ಅವನು ಬಂದೇ ಇರುತ್ತಾನೆ, ಇಲ್ಲ ಬರುವುದಿಲ್ಲ ಅಂದದ್ದಾದರೂ ಇರುತ್ತದೆ.

ಗುಡ್ಡದಮನೆ
ಮೇಡಂ, ಏನಾಯ್ತು? ಎರಡು ದಿನ ಆಯ್ತು.

ಲೆಕ್ಕದಮೇಷ್ಟ್ರು
ಗುಡ್ಡದಮನೆಯವರಿಗೆ ನಿದ್ದೆ ಬರುತ್ತಿಲ್ಲ.

ಅಬರ್ಡೀನ್ ಸೊಸೆ
ಕ್ಷಮಿಸಿ, ಮಗಳಿಗೆ ಜ್ವರ ಇತ್ತು.

ಬಂದಿದ್ದಾನೆ. ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ಮಗು ಹುಟ್ಟಿ ಮೂರು ವಾರ. ಕೇಳಿದ್ದಕ್ಕೆ ಮಗು ತನ್ನದು ಅಂತ ಒಪ್ಪಿದ್ದಾನೆ. ಇಬ್ಬರಿಗೂ ಒಟ್ಟಿಗೇ ಬೈದು, ಬಡವರ ಹುಂಡಿಗೆ ದಂಡ ಹಾಕಿಸಿ ಕಳಿಸಿದ್ದಾರೆ. ಮದುವೆ ಮಾತು ಎಲ್ಲೂ ಇಲ್ಲ. 1841ರ ಗಣತಿಯಲ್ಲಿ ಹುಡುಗ ಹನ್ನೆರಡು ವರ್ಷದವನು, ತಾಯಿಯ ಅಪ್ಪ ಅಮ್ಮನ ಮನೆಯಲ್ಲಿದ್ದಾನೆ. ತಾಯಿ ಬೇರೆ ಹೊಲದಲ್ಲಿ ಕೆಲಸಕ್ಕಿದ್ದಾಳೆ.

ಅತ್ತೆ ಆ ಪುಟವನ್ನು ಪ್ರಿಂಟ್ ಹಾಕಿಸಿಕೊಂಡು ಅಡಿಗೆಮನೆಯಲ್ಲಿ ಇಟ್ಟುಕೊಂಡಿದ್ದಾರೆ. "ಒಪ್ಪಿಕೊಂಡನಲ್ಲ, ಅಷ್ಟು ದೂರ ನಡೆದು ಬಂದು" ಅಂತ ಮೂರು ಸಲ ಹೇಳಿದರು.

ಕಾಫಿತೋಟ
ಎಷ್ಟು ದೂರ?

ಅಬರ್ಡೀನ್ ಸೊಸೆ
ನಕ್ಷೆಯಲ್ಲಿ ನೋಡಿದರೆ ಒಂಬತ್ತು ಮೈಲಿ. ಮತ್ತೆ ವಾಪಸ್ಸೂ ಹೋಗಬೇಕಲ್ಲ.

ಚುರುಮುರಿ
ಈಗ ಕೇಳಬಹುದಾ? ಟೈ?

ಅಬರ್ಡೀನ್ ಸೊಸೆ
ಟೈ ಇದೆ. ಗಾರ್ಡನ್ ತಾನೇ, ಯಾವ ಗಾರ್ಡನ್ ಅಂತ ಟೈ ಮೇಲೆ ಬರೆದಿಲ್ಲ ಅಂತಾರೆ ಯಜಮಾನರು. ಆಮೇಲೆ ಅವನಿಗೆ ಏನಾಯ್ತು ಅಂತ ಹುಡುಕಲು ಅದೇ ಗಣತಿ ಮತ್ತೆ ತೆರೆದು ಕೂತಿದ್ದೇನೆ. ಸುತ್ತಲಿನ ಊರುಗಳಲ್ಲಿ ಅದೇ ಹೆಸರಿನ ಗಾರ್ಡನ್‌ಗಳು ಏಳು ಜನ. ಏಳೂ ಜನ ಹೊಲದಾಳುಗಳೇ.

ಹಳೇಕಡತ
1841ರ ಗಣತಿಯಲ್ಲಿ ಹದಿನೈದು ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯುತ್ತಿದ್ದರು. 34 ಆಗಿದ್ದರೆ 30. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಏಳರಲ್ಲಿ ಯಾರ್ಯಾರನ್ನು ಬಿಡಬಹುದು ನೋಡಿ. ಹೊಸ ಥ್ರೆಡ್ ತೆರೆಯಿರಿ, ಇದು ಉದ್ದವಾಯ್ತು.

ಗುಡ್ಡದಮನೆ
ತೆರೆದಾಗ ನನ್ನನ್ನು ಟ್ಯಾಗ್ ಮಾಡಿ.